ಟ್ಯಾಬ್ ತಗೊಳ್ಳೋ ಮುಂಚೆ ಒಂದು ಗುಣಾಕಾರ

ಫಸ್ಟ್ ಇಯರ್ ಬ್ಯಾಚ್ ಕಾಲೇಜಿಗೆ ಬಂದ ಮೇಲೆ ವಾರಕ್ಕೆ ಒಂದು ಸಲವಾದರೂ ಈ ಪ್ರಶ್ನೆ ನನ್ನ ಹತ್ರ ಬರುತ್ತೆ. "ಅಣ್ಣಾ, ಫೋಟೋ ಎಡಿಟಿಂಗ್‌ಗೆ ಯಾವ ಟ್ಯಾಬ್ ಒಳ್ಳೇದು?" ಕನ್ನಡ ಸಂಘದ ಕಾರ್ಯಕ್ರಮಗಳ ಫೋಟೋ ತೆಗೆಯೋದು, ಪೋಸ್ಟರ್ ಮಾಡೋದು ಎರಡು ವರ್ಷದಿಂದ ನನ್ನ ಕೆಲಸ. ಹಾಗಾಗಿ ನನಗೆ ಗೊತ್ತಿರುತ್ತೆ ಅನ್ನೋದು ಅವರ ನಂಬಿಕೆ. ಗೊತ್ತಿದೆ, ಆದರೆ ಗೊತ್ತಾಗಿದ್ದು ದುಡ್ಡು ಕಳ್ಕೊಂಡ ಮೇಲೆ. ನೀವೂ ಕಳ್ಕೋಬಾರದು ಅಂತ ಈ ಲೇಖನ.

ಸೆಕೆಂಡ್ ಇಯರ್‌ನಲ್ಲಿ ಅಮ್ಮ ಚೀಟಿ ಎತ್ತಿದ ದುಡ್ಡಲ್ಲಿ ಒಂದು ಟ್ಯಾಬ್ ಕೊಡಿಸಿದ್ರು. ಬ್ರ್ಯಾಂಡ್ ಹೆಸರು ಬೇಡ, ತಪ್ಪು ಅರ್ಧ ನಂದೇ. ಡಬ್ಬದ ಮೇಲೆ "ಪ್ರೊಫೆಷನಲ್ ಕ್ರಿಯೇಟಿವಿಟಿ" ಅಂತ ದೊಡ್ಡದಾಗಿ ಬರೆದಿತ್ತು, ಜೊತೆಗೆ ಪೆನ್ನೂ ಇತ್ತು. ಎಂಟು ಕೋರ್ ಪ್ರೊಸೆಸರ್, 8 ಜಿಬಿ ರ‍್ಯಾಮ್ ಅಂದ್ರು. ನೋಟ್ಸ್‌ಗೂ ಆಯ್ತು, ಎಡಿಟಿಂಗ್‌ಗೂ ಆಯ್ತು, ಲ್ಯಾಪ್‌ಟಾಪ್ ಖರ್ಚು ಉಳೀತು ಅಂತ ಅಮ್ಮನಿಗೆ ನಾನೇ ಒಪ್ಪಿಸಿದ್ದೆ.

ರಾಜ್ಯೋತ್ಸವದ ಹಿಂದಿನ ರಾತ್ರಿ. ಬೆಳಗ್ಗೆ ಎಂಟಕ್ಕೆ ಪೋಸ್ಟರ್ ಫೈಲ್ ಪ್ರೆಸ್‌ಗೆ ಕೊಡಬೇಕು. 18×24 ಇಂಚಿನ ಪೋಸ್ಟರ್. ಹಿನ್ನೆಲೆಗೆ ನಾನೇ ಬೇಲೂರಲ್ಲಿ ತೆಗೆದಿದ್ದ ಫೋಟೋ, ಮುಂದೆ ನಮ್ಮ ಡೊಳ್ಳು ತಂಡದ ಹುಡುಗರು, ಮೇಲೆ ಅಕ್ಷರಗಳು. ಹನ್ನೊಂದೂವರೆಗೆ ಸರಿಯಾಗಿ ಆ್ಯಪ್ ಮುಚ್ಚಿಕೊಂಡಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಸೀದಾ ಹೋಂ ಸ್ಕ್ರೀನ್. ಮತ್ತೆ ತೆರೆದೆ, ಅರ್ಧ ಗಂಟೆಯ ಕೆಲಸ ಮಾಯ. ಮತ್ತೆ ಮಾಡಿದೆ, ಮತ್ತೆ ಮುಚ್ಚಿಕೊಂಡಿತು. ಮೂರನೇ ಸಲ ಫೈಲೇ ತೆರೆಯಲಿಲ್ಲ. ಕೊನೆಗೆ ರೂಂಮೇಟ್‌ನ ಹಳೇ ಲ್ಯಾಪ್‌ಟಾಪ್‌ನಲ್ಲಿ, ಕೀಬೋರ್ಡ್‌ನಲ್ಲಿ ಎರಡು ಕೀ ಕಿತ್ತುಹೋಗಿದ್ದ ಅದೇ ಲ್ಯಾಪ್‌ಟಾಪ್‌ನಲ್ಲಿ, ಮೊದಲಿಂದ ಶುರು ಮಾಡಿ ಬೆಳಗಿನ ಜಾವ ನಾಲ್ಕಕ್ಕೆ ಮುಗಿಸಿದೆ.

ಆಮೇಲೆ ಒಂದು ಪೇಪರ್ ತಗೊಂಡು ಲೆಕ್ಕ ಹಾಕಿದೆ. ತಗೊಳ್ಳೋ ಮುಂಚೆ ಹಾಕಬೇಕಿದ್ದ ಲೆಕ್ಕ ಅದು. ನಾವು ಇಂಜಿನಿಯರಿಂಗ್ ಓದ್ತೀವಿ ಅಂತೀವಿ, ಆದರೆ ಗ್ಯಾಜೆಟ್ ಕೊಳ್ಳುವಾಗ ಮಾತ್ರ ರೀಲ್ಸ್ ನೋಡಿ ನಿರ್ಧಾರ ಮಾಡ್ತೀವಿ. ಬನ್ನಿ, ಲೆಕ್ಕ ಮಾಡೋಣ.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೋ ಅಂದ್ರೆ 6000×4000, ಅಂದ್ರೆ 2.4 ಕೋಟಿ ಪಿಕ್ಸೆಲ್. ಜೆಪೆಗ್ ಆಗಿ ಅದು ಕಾರ್ಡಿನಲ್ಲಿ ಹತ್ತು ಎಂಬಿ ಆಸುಪಾಸು ಇರಬಹುದು. ಆದರೆ ಎಡಿಟ್ ಮಾಡೋಕೆ ತೆರೆದ ಕೂಡಲೇ ಆ ಕಂಪ್ರೆಷನ್ ಎಲ್ಲ ಬಿಚ್ಚಿಕೊಳ್ಳುತ್ತೆ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್. 72 ಎಂಬಿ ಆಯ್ತು. ಪಾರದರ್ಶಕತೆಗೆ ಇನ್ನೊಂದು ಚಾನಲ್ ಸೇರಿಸಿ, 96 ಎಂಬಿ. ವೃತ್ತಿಪರರು ಕೆಲಸ ಮಾಡೋದು ಚಾನಲ್‌ಗೆ 16 ಬಿಟ್‌ನಲ್ಲಿ. ಆಗ 192 ಎಂಬಿ. ಇದು ಒಂದು ಲೇಯರ್. ಇಂಥ ಎಂಟು ಲೇಯರ್ ಇಟ್ಟರೆ ಒಂದೂವರೆ ಜಿಬಿ ದಾಟಿತು. ಇನ್ನು ಅನ್‌ಡೂ ಹಿಸ್ಟರಿ, ಪ್ರಿವ್ಯೂ, ಫಿಲ್ಟರ್ ಹಾಕುವಾಗ ಬೇಕಾಗೋ ತಾತ್ಕಾಲಿಕ ಜಾಗ, ಇವೆಲ್ಲ ಬೇರೆ.

ನನ್ನ ಪೋಸ್ಟರ್ ಲೆಕ್ಕ ನೋಡಿ. 18×24 ಇಂಚು, ಇಂಚಿಗೆ 300 ಪಿಕ್ಸೆಲ್. 5400×7200, ಸುಮಾರು 3.9 ಕೋಟಿ ಪಿಕ್ಸೆಲ್. 8 ಬಿಟ್‌ನಲ್ಲೇ ಪಾರದರ್ಶಕತೆ ಸೇರಿ ಲೇಯರ್‌ಗೆ 155 ಎಂಬಿ. ನನ್ನ ಹತ್ರ ಇದ್ದಿದ್ದು ಹದಿನೆಂಟು ಲೇಯರ್. ಒಳ್ಳೆ ಸಾಫ್ಟ್‌ವೇರ್‌ಗಳು ಚಿತ್ರವನ್ನು ಚಿಕ್ಕ ಚಿಕ್ಕ ಟೈಲ್‌ಗಳಾಗಿ ಕತ್ತರಿಸಿ, ಖಾಲಿ ಇರೋ ಕಡೆ ಜಾಗ ತಗೊಳ್ಳಲ್ಲ. ಆದ್ದರಿಂದ ಹದಿನೆಂಟನ್ನು ಪೂರ್ತಿ ಗುಣಿಸಬೇಕಿಲ್ಲ. ಆದರೂ ಎರಡು ಜಿಬಿ ದಾಟೋದು ಕಷ್ಟವೇನಲ್ಲ.

"ನಿನ್ನ ಟ್ಯಾಬ್‌ನಲ್ಲಿ ಎಂಟು ಇತ್ತಲ್ಲೋ" ಅಂತೀರಾ? ಅಲ್ಲೇ ಇರೋದು ಆಟ. ಡಬ್ಬದ ಕೆಳಗಡೆ ಸಣ್ಣ ಅಕ್ಷರದಲ್ಲಿ 4+4 ಅಂತ ಇತ್ತು. ನಿಜವಾದ ರ‍್ಯಾಮ್ ನಾಲ್ಕು, ಇನ್ನು ನಾಲ್ಕು ಸ್ಟೋರೇಜ್‌ನಿಂದ ಕಡ ತಂದ 'ವರ್ಚುವಲ್ ರ‍್ಯಾಮ್'. ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಲ್ಲಿ ನಾವು ಸ್ವ್ಯಾಪ್ ಅಂತ ಓದ್ತೀವಲ್ಲ, ಅದೇ. ಅಂಗಡಿಯಲ್ಲಿ ಅದಕ್ಕೆ ಬೇರೆ ನಾಮಕರಣ. ನನ್ನ ಟ್ಯಾಬ್‌ನ ಸ್ಟೋರೇಜ್ ಇಎಂಎಂಸಿ. ಆ ಸ್ಟ್ಯಾಂಡರ್ಡ್‌ನ 5.1 ಆವೃತ್ತಿಯಲ್ಲಿ ಇಂಟರ್‌ಫೇಸ್‌ನ ಗರಿಷ್ಠ ವೇಗವೇ ಸೆಕೆಂಡಿಗೆ 400 ಎಂಬಿ. ಎಲ್‌ಪಿಡಿಡಿಆರ್4ಎಕ್ಸ್ ರ‍್ಯಾಮ್ 32 ಬಿಟ್ ಬಸ್‌ನಲ್ಲೇ ಸೆಕೆಂಡಿಗೆ ಸುಮಾರು 17 ಜಿಬಿ ಕೊಡಬಲ್ಲದು. ನಲವತ್ತು ಪಟ್ಟು ವ್ಯತ್ಯಾಸ. ಎತ್ತಿನ ಗಾಡಿಗೆ ರೈಲು ಅಂತ ಬೋರ್ಡ್ ಹಾಕಿದ್ರೆ ಅದು ರೈಲಾಗಲ್ಲ.

ಉಳಿದ ನಾಲ್ಕರಲ್ಲೂ ಸಿಸ್ಟಂ, ಕೀಬೋರ್ಡ್, ವಾಟ್ಸ್ಆ್ಯಪ್ ಎಲ್ಲ ಪಾಲು ಕೇಳ್ತವೆ. ಡೆಸ್ಕ್‌ಟಾಪ್‌ನ ಹಾಗೆ ಗ್ರಾಫಿಕ್ಸ್ ಕಾರ್ಡ್‌ಗೆ ಬೇರೆ ಮೆಮೊರಿ ಟ್ಯಾಬ್‌ನಲ್ಲಿಲ್ಲ. ಸಿಪಿಯು, ಜಿಪಿಯು ಎರಡೂ ಒಂದೇ ತಟ್ಟೆಯಲ್ಲಿ ಉಣ್ಣಬೇಕು. ಮೆಮೊರಿ ಕಮ್ಮಿಯಾದಾಗ ಆ್ಯಂಡ್ರಾಯ್ಡ್ ಆಗಲಿ ಐಪ್ಯಾಡ್ ಆಗಲಿ ಮಾಡೋದು ಒಂದೇ: ಆ್ಯಪ್‌ಗಳನ್ನು ಕೊಲ್ಲೋದು. ಹನ್ನೊಂದೂವರೆಗೆ ನಡೆದದ್ದು ಕ್ರ್ಯಾಶ್ ಅಲ್ಲ, ಸಿಸ್ಟಂ ತನ್ನ ಕೆಲಸ ತಾನು ಸರಿಯಾಗೇ ಮಾಡಿತ್ತು.

ಇದು ಅಗ್ಗದ ಟ್ಯಾಬ್‌ಗಳ ಸಮಸ್ಯೆ ಮಾತ್ರ ಅನ್ಕೋಬೇಡಿ. 2021ರ ಎಂ1 ಐಪ್ಯಾಡ್ ಪ್ರೊದಲ್ಲಿ 16 ಜಿಬಿ ರ‍್ಯಾಮ್ ಇರೋ ಮಾಡೆಲ್ ಬಂತು. ಆದರೆ ಶುರುವಿನಲ್ಲಿ ಒಂದು ಆ್ಯಪ್‌ಗೆ ಸುಮಾರು 5 ಜಿಬಿಗಿಂತ ಜಾಸ್ತಿ ಬಳಸೋಕೆ ಸಿಸ್ಟಂ ಬಿಡ್ತಾ ಇರಲಿಲ್ಲ. ಐಪ್ಯಾಡ್ ಒಎಸ್ 15ರಲ್ಲಿ ಆ್ಯಪ್‌ಗಳು ಹೆಚ್ಚು ಕೇಳೋ ಅವಕಾಶ ಬಂತು, 16ರಲ್ಲಿ ಸ್ವ್ಯಾಪ್ ಬಂತು. ಅಂದ್ರೆ ದುಡ್ಡು ಕೊಟ್ಟು ತಂದ ಹಾರ್ಡ್‌ವೇರ್ ಪೂರ್ತಿ ಬಳಕೆಗೆ ಸಿಗಬೇಕಾದ್ರೂ ಸಾಫ್ಟ್‌ವೇರ್‌ನ ಅಪ್ಪಣೆ ಬೇಕು. ಇನ್ನೊಂದು ತಮಾಷೆ. ಆ 16 ಜಿಬಿ ಬೇಕು ಅಂದ್ರೆ 1 ಟಿಬಿ ಅಥವಾ 2 ಟಿಬಿ ಸ್ಟೋರೇಜ್ ಇರೋ ಮಾಡೆಲನ್ನೇ ಕೊಳ್ಳಬೇಕಿತ್ತು. 2024ರ ಎಂ4 ಮಾಡೆಲ್‌ನಲ್ಲೂ ಅದೇ ಕಥೆ. ಅನ್ನ ಇನ್ನೊಂದು ತುತ್ತು ಬೇಕು ಅಂದ್ರೆ ಫುಲ್ ಮೀಲ್ಸ್ ಕೂಪನ್ ತಗೋ ಅಂದ ಹಾಗೆ. ಇನ್ನು ಬೇಸಿಕ್ ಐಪ್ಯಾಡ್‌ನ ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ರ‍್ಯಾಮ್ ಅನ್ನೋ ಸಾಲೇ ಇರಲ್ಲ.

ನನ್ನ ಮುಖ್ಯ ತಕರಾರು ಇಲ್ಲೇ. ಡೆಸ್ಕ್‌ಟಾಪ್ ಫೋಟೋಶಾಪ್‌ಗೆ ಕನಿಷ್ಠ 8 ಜಿಬಿ, 16 ಇದ್ರೆ ಒಳ್ಳೇದು ಅಂತ ಅಡೋಬಿ ಸ್ಪಷ್ಟವಾಗಿ ಬರೆಯುತ್ತೆ. ಅದೇ ಸಾಫ್ಟ್‌ವೇರ್ ಐಪ್ಯಾಡ್‌ಗೆ ಬಂದಾಗ ಪಟ್ಟಿಯಲ್ಲಿ ಇರೋದು ಮಾಡೆಲ್ ಹೆಸರು, ಒಎಸ್ ಆವೃತ್ತಿ. 'ಓಡುತ್ತೆ' ಅನ್ನೋದಕ್ಕೂ 'ಕೆಲಸ ಮಾಡಬಹುದು' ಅನ್ನೋದಕ್ಕೂ ಇರೋ ವ್ಯತ್ಯಾಸ ಅದರಲ್ಲಿ ಗೊತ್ತಾಗಲ್ಲ. ಆ್ಯಪ್ ಸ್ಟೋರ್‌ನಲ್ಲಿ ಇನ್‌ಸ್ಟಾಲ್ ಬಟನ್ ಬಂತು ಅಂದ್ರೆ ನಮ್ಮ ಟ್ಯಾಬ್ ಸಾಕು ಅಂತ ನಾವು ತಿಳ್ಕೋತೀವಿ. ಪ್ರೊಕ್ರಿಯೇಟ್ ಅನ್ನೋ ಡ್ರಾಯಿಂಗ್ ಆ್ಯಪ್ ಈ ವಿಷಯದಲ್ಲಿ ಮೆಚ್ಚಬೇಕಾದ್ದು. ಹೊಸ ಕ್ಯಾನ್ವಾಸ್ ಮಾಡುವಾಗಲೇ, ಈ ಅಳತೆಗೆ ನಿಮ್ಮ ಸಾಧನದಲ್ಲಿ ಗರಿಷ್ಠ ಇಷ್ಟೇ ಲೇಯರ್ ಅಂತ ಮುಖದ ಮೇಲೆ ಹೇಳಿಬಿಡುತ್ತೆ. ಎಲ್ಲ ಎಡಿಟಿಂಗ್ ಆ್ಯಪ್‌ಗಳೂ ಹೀಗೆ ಹೇಳಬೇಕು. ನನ್ನ ಆ್ಯಪ್ ಆ ರಾತ್ರಿ "ಹತ್ತನೇ ಲೇಯರ್‌ಗೆ ನಿಲ್ಲಿಸಪ್ಪಾ" ಅಂದಿದ್ರೆ ನಾನು ಮಲಗಬಹುದಿತ್ತು.

ಹಾಗಂತ ಟ್ಯಾಬ್‌ನಲ್ಲಿ ವೃತ್ತಿಪರ ಕೆಲಸ ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. 2017ರಲ್ಲಿ ಅಫಿನಿಟಿ ಫೋಟೋ ಐಪ್ಯಾಡ್‌ಗೆ ಬಂದಾಗ 2 ಜಿಬಿ ರ‍್ಯಾಮ್‌ನ ಐಪ್ಯಾಡ್ ಏರ್ 2ರಲ್ಲೂ ಓಡ್ತಿತ್ತು. ಆ ವರ್ಷ ಆ್ಯಪಲ್ ಅದನ್ನೇ ವರ್ಷದ ಐಪ್ಯಾಡ್ ಆ್ಯಪ್ ಅಂತ ಆರಿಸಿತು. ಸಣ್ಣ ಜಾಗದಲ್ಲಿ ಸಂಸಾರ ಮಾಡೋದು ಹೇಗೆ ಅಂತ ಚೆನ್ನಾಗಿ ಯೋಚಿಸಿ ಬರೆದ ಸಾಫ್ಟ್‌ವೇರ್ ಅದು. ಇನ್ನೊಂದು ಕಡೆ, 2019ರ ನವೆಂಬರ್‌ನಲ್ಲಿ ಫೋಟೋಶಾಪ್ ಐಪ್ಯಾಡ್‌ಗೆ ಬಂದಾಗ ಕರ್ವ್ಸ್ ಅಂಥ ಮೂಲ ಸಾಧನವೇ ಇರಲಿಲ್ಲ, ಬಳಕೆದಾರರು ಚೆನ್ನಾಗಿ ಬೈದರು. ಹಾರ್ಡ್‌ವೇರ್ ಇದ್ದರೂ ಸಾಫ್ಟ್‌ವೇರ್ ತಯಾರಿರಲಿಲ್ಲ. ಆದ್ದರಿಂದ ಬರೀ ಜಿಬಿ ಎಣಿಸಿದ್ರೆ ಸಾಲದು, ಏನು ಕೆಲಸ ಅನ್ನೋದೂ ಗೊತ್ತಿರಬೇಕು.

ಕೆಲಸದಲ್ಲಿ ಎರಡು ಜಾತಿ. ಒಂದು ಲೈಟ್‌ರೂಂ ಥರದ್ದು. ಎಕ್ಸ್‌ಪೋಶರ್ ಇಷ್ಟು ಹೆಚ್ಚಿಸು, ನೆರಳು ಇಷ್ಟು ಎತ್ತು ಅಂತ ಸೂಚನೆಗಳನ್ನು ಮಾತ್ರ ಬರೆದಿಟ್ಟುಕೊಳ್ಳುತ್ತೆ, ಮೂಲ ಪಿಕ್ಸೆಲ್ ಮುಟ್ಟಲ್ಲ. 2014ರಲ್ಲಿ ಲೈಟ್‌ರೂಂ ಮೊದಲು ಐಪ್ಯಾಡ್‌ಗೆ ಬಂದಾಗ ಪೂರ್ತಿ ರಾ ಫೈಲ್ ಬದಲು ಉದ್ದದ ಬದಿ 2560 ಪಿಕ್ಸೆಲ್ ಇರೋ 'ಸ್ಮಾರ್ಟ್ ಪ್ರಿವ್ಯೂ' ಇಟ್ಟುಕೊಂಡು ಕೆಲಸ ಮಾಡ್ತಿತ್ತು. ಫೆಸ್ಟ್ ಫೋಟೋಗಳ ಬಣ್ಣ, ಬೆಳಕು ಸರಿ ಮಾಡಿ ಇನ್‌ಸ್ಟಾಗೆ ಹಾಕೋದೇ ನಿಮ್ಮ ಕೆಲಸ ಆದ್ರೆ ಮಧ್ಯಮ ದರ್ಜೆಯ ಟ್ಯಾಬ್ ಧಾರಾಳ ಸಾಕು. ಎರಡನೇ ಜಾತಿ ಫೋಟೋಶಾಪ್ ಥರದ್ದು. ಲೇಯರ್, ಮಾಸ್ಕ್, ಪೋಸ್ಟರ್. ಅಲ್ಲಿ ಮೇಲಿನ ಗುಣಾಕಾರ ಅನಿವಾರ್ಯ. ನಾನು ಮೊದಲನೇ ಜಾತಿಯ ಟ್ಯಾಬ್ ತಂದು ಎರಡನೇ ಜಾತಿಯ ಕೆಲಸ ಮಾಡಿಸೋಕೆ ಹೋದೆ.

ರ‍್ಯಾಮ್ ಬಿಟ್ಟು ಇನ್ನೂ ಮೂರು ವಿಷಯ ಇದೆ, ಅಂಗಡಿಯವರು ಯಾರೂ ಹೇಳಲ್ಲ.

ಒಂದು, ಕೇಬಲ್ ಹಾಕೋ ತೂತು. ಟೈಪ್-ಸಿ ಇದ್ದ ಮಾತ್ರಕ್ಕೆ ವೇಗ ಇರಲ್ಲ. 2022ರ ಹತ್ತನೇ ತಲೆಮಾರಿನ ಐಪ್ಯಾಡ್‌ನಲ್ಲಿ ಟೈಪ್-ಸಿ ಇದೆ, ವೇಗ ಮಾತ್ರ ಯುಎಸ್‌ಬಿ 2ರದ್ದು, ಸೆಕೆಂಡಿಗೆ 480 ಮೆಗಾಬಿಟ್. ಬಿಟ್ ಅದು, ಬೈಟ್ ಅಲ್ಲ. ನಿಜಕ್ಕೆ ಸಿಗೋದು ಸೆಕೆಂಡಿಗೆ 35-40 ಎಂಬಿ. ತುಂಬಿದ 64 ಜಿಬಿ ಕಾರ್ಡ್ ಇಳಿಸೋಕೆ ಅರ್ಧ ಗಂಟೆ ಹತ್ತಿರ. ಕಾರ್ಯಕ್ರಮ ಮುಗಿದ ಅರ್ಧ ಗಂಟೆಯಲ್ಲಿ ಫೋಟೋ ಕೇಳೋ ನಮ್ಮ ಸಂಘದ ಕಾರ್ಯದರ್ಶಿಗೆ ಇದನ್ನ ಯಾರು ಹೇಳ್ತಾರೆ?

ಎರಡು, ಬಿಸಿ. ಟ್ಯಾಬ್‌ಗಳಲ್ಲಿ ಹೆಚ್ಚಿನವಕ್ಕೆ ಫ್ಯಾನ್ ಇಲ್ಲ. ಪ್ರೊಸೆಸರ್‌ನ ವೇಗದ ಬಗ್ಗೆ ಬರೋ ಅಂಕಿಗಳೆಲ್ಲ ಮೊದಲ ಕೆಲವು ನಿಮಿಷದ್ದು. ನನ್ನ ಟ್ಯಾಬ್‌ನಲ್ಲಿ ಐವತ್ತು ರಾ ಫೋಟೋ ಒಟ್ಟಿಗೆ ಎಕ್ಸ್‌ಪೋರ್ಟ್‌ಗೆ ಹಾಕಿ ಸ್ಟಾಪ್‌ವಾಚ್ ಹಿಡಿದೆ. ಮೊದಲ ಹತ್ತಕ್ಕಿಂತ ಕೊನೆಯ ಹತ್ತು ಹೆಚ್ಚುಕಮ್ಮಿ ಎರಡು ಪಟ್ಟು ಹೊತ್ತು ತಗೊಂಡವು. ಹಿಂಬದಿ ದೋಸೆ ಕಾವಲಿ ಆಗಿತ್ತು. ಮೆಕ್ಯಾನಿಕಲ್‌ನವರಿಗೆ ವಿವರಿಸೋದು ಬೇಡ: ಒಳಗಿನ ಬಿಸಿ ಹೊರಗೆ ಹೋಗೋ ದಾರಿ ಇಲ್ಲದಿದ್ರೆ ಚಿಪ್ ತಾನೇ ನಿಧಾನ ಆಗುತ್ತೆ.

ಮೂರು, ಪರದೆ. ಇದು ನನಗೆ ಎರಡನೇ ಸಲ ಪೆಟ್ಟು ಕೊಟ್ಟಿದ್ದು. ಟ್ಯಾಬ್‌ನಲ್ಲಿ 'ವಿವಿಡ್' ಮೋಡ್ ಇತ್ತು, ರಾತ್ರಿ ಆದ ಕೂಡಲೇ ಪರದೆ ಹಳದಿಗೆ ತಿರುಗೋ ಸೆಟ್ಟಿಂಗೂ ಇತ್ತು. ಅದರಲ್ಲಿ ನೋಡಿ ಬಣ್ಣ ಹೊಂದಿಸಿದ್ದ ಒಂದು ಕಾರ್ಡ್ ಪ್ರಿಂಟ್ ಆಗಿ ಬಂದಾಗ ಬಾವುಟದ ಹಳದಿ ಸಪ್ಪೆ, ಕೆಂಪು ಮಂಕು. ಪ್ರೆಸ್‌ನವರನ್ನ ಬೈದು ಬಂದೆ, ಪಾಪ ಅವರದ್ದೇನೂ ತಪ್ಪಿರಲಿಲ್ಲ. ಎಡಿಟ್ ಮಾಡುವಾಗ ಆಟೋ ಬ್ರೈಟ್‌ನೆಸ್, ನೈಟ್ ಮೋಡ್, ಟ್ರೂ ಟೋನ್ ಥರದ್ದೆಲ್ಲ ಆಫ್ ಮಾಡಿ. ಡಿಸ್‌ಪ್ಲೇಯನ್ನು 'ನ್ಯಾಚುರಲ್'ಗೆ ಇಡಿ. ಕೊಳ್ಳುವಾಗ ಎಸ್‌ಆರ್‌ಜಿಬಿ ಬಣ್ಣವಲಯ ಪೂರ್ತಿ ತೋರಿಸುತ್ತಾ ಅಂತ ನೋಡಿ. ಪೆನ್ ಬಳಸೋರಾದ್ರೆ ಗಾಜಿಗೂ ಡಿಸ್‌ಪ್ಲೇಗೂ ನಡುವೆ ಸಂದು ಇದೆಯಾ ಅಂತ ತುದಿ ಇಟ್ಟು ನೋಡಿ. ಸಂದು ಇದ್ರೆ ಗೆರೆ ಒಂದು ಕಡೆ, ತುದಿ ಒಂದು ಕಡೆ.

ಇದೆಲ್ಲ ಆದಮೇಲೂ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಅವಶ್ಯಕತೆ ನಮಗಿದೆ. ಆ್ಯಪ್‌ಗೆ ಕನ್ನಡ ಬರುತ್ತಾ? ಕನ್ನಡ ಅಕ್ಷರ ಸರಿಯಾಗಿ ಕೂಡಬೇಕಾದ್ರೆ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಜೋಡಿಸೋ ಎಂಜಿನ್ ಬೇರೆ ಬೇಕು. ಡೆಸ್ಕ್‌ಟಾಪ್ ಫೋಟೋಶಾಪ್‌ನಲ್ಲೂ ದಕ್ಷಿಣ ಏಷ್ಯಾ ಭಾಷೆಗಳಿಗೆ ಟೈಪ್ ಸೆಟ್ಟಿಂಗ್ಸ್‌ನಲ್ಲಿ ಬೇರೆ ಆಯ್ಕೆ ಮಾಡಬೇಕಾದ ಕಾಲ ಇತ್ತು. ಎಷ್ಟೋ ಟ್ಯಾಬ್ ಆ್ಯಪ್‌ಗಳಲ್ಲಿ ಇವತ್ತಿಗೂ ಒತ್ತಕ್ಷರ ಬಿಡಿಬಿಡಿಯಾಗಿ ಸಾಲಲ್ಲಿ ನಿಲ್ಲುತ್ತೆ, ಅರ್ಕಾವತ್ತು ತಪ್ಪು ಜಾಗಕ್ಕೆ ಹೋಗುತ್ತೆ. ದುಡ್ಡು ಕಟ್ಟೋ ಮುಂಚೆ 'ರಾಷ್ಟ್ರ', 'ಸ್ತ್ರೀ', 'ಸೂರ್ಯ' ಅಂತ ಮೂರು ಪದ ಟೈಪ್ ಮಾಡಿ ನೋಡಿ. ಮೂರೂ ಸರಿಯಾಗಿ ಬಂದ್ರೆ ಮುಂದೆ ಹೋಗಿ. ರಾಜ್ಯೋತ್ಸವದ ಪೋಸ್ಟರ್‌ನಲ್ಲಿ 'ಕರ್ನಾಟಕ' ಮುರಿದು ಬಿದ್ರೆ ಎಷ್ಟು ಜಿಬಿ ಇದ್ದು ಏನು ಪ್ರಯೋಜನ?

ಹಾಗಾದ್ರೆ ಏನು ಮಾಡೋಣ? ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದವರು ಕ್ಯಾಂಟೀನಲ್ಲಿ ಸಿಗಿ.

ಲೇಯರ್ ಕೆಲಸ, ಪೋಸ್ಟರ್ ಕೆಲಸ ಮಾಡೋರು ಒಂದೇ ಸಾಧನ ಕೊಳ್ಳೋಕೆ ದುಡ್ಡಿರೋದಾದ್ರೆ ಟ್ಯಾಬ್ ಕೊಳ್ಳಬೇಡಿ. ರ‍್ಯಾಮ್ ಸ್ಲಾಟ್ ಇರೋ ಲ್ಯಾಪ್‌ಟಾಪ್ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಇವತ್ತು 8 ಜಿಬಿ ಇದ್ರೆ ಮುಂದಿನ ವರ್ಷ ಇನ್ನೊಂದು 8 ಹಾಕಬಹುದು. ಟ್ಯಾಬ್‌ನ ರ‍್ಯಾಮ್ ಬೆಸುಗೆ ಹಾಕಿದ್ದು. ಕೊಂಡ ದಿನ ಎಷ್ಟಿತ್ತೋ ಸಾಯೋ ದಿನವೂ ಅಷ್ಟೇ. ಗಿಂಪ್, ಡಾರ್ಕ್‌ಟೇಬಲ್ ಎರಡೂ ಉಚಿತ, ಗಿಂಪ್‌ನಲ್ಲಿ ಕನ್ನಡ ಚೆನ್ನಾಗೇ ಬರುತ್ತೆ. ಆ ರಾತ್ರಿ ನನ್ನ ಪೋಸ್ಟರ್ ಮುಗಿದಿದ್ದು ಅದರಲ್ಲೇ.

ಟ್ಯಾಬೇ ಬೇಕು ಅಂದ್ರೆ ನಿಜವಾದ 8 ಜಿಬಿ ರ‍್ಯಾಮ್, ಪ್ಲಸ್ ಗುರುತು ಇಲ್ಲದ್ದು. ಇಎಂಎಂಸಿ ಬೇಡ, ಯುಎಫ್‌ಎಸ್ ಸ್ಟೋರೇಜ್ ಅಥವಾ ಅದಕ್ಕಿಂತ ಮೇಲಿನದ್ದು. 128 ಜಿಬಿಗಿಂತ ಕಮ್ಮಿ ಬೇಡ. ಪ್ರೊಸೆಸರ್ ಹೆಸರನ್ನ ಕೊನೆಯಲ್ಲಿ ನೋಡಿ.

ಮೂರನೇ ಮಾತು ನಮ್ಮ ಕಾಲೇಜಿಗೆ. ಕ್ಯಾಡ್ ಲ್ಯಾಬ್‌ನಲ್ಲಿ 16 ಜಿಬಿ ರ‍್ಯಾಮ್ ಇರೋ, ಗ್ರಾಫಿಕ್ಸ್ ಕಾರ್ಡ್ ಇರೋ ಮೆಷಿನ್‌ಗಳು ಸಂಜೆ ಐದಾದ್ಮೇಲೆ ಬೀಗದೊಳಗೆ ಸುಮ್ಮನೆ ಕೂತಿರ್ತವೆ. ವಾರಕ್ಕೆ ಎರಡು ಸಂಜೆ, ಒಬ್ಬ ಲ್ಯಾಬ್ ಅಸಿಸ್ಟೆಂಟ್ ಇರೋ ಹೊತ್ತಲ್ಲಿ, ಎರಡು ಮೆಷಿನ್ ಸಂಘಗಳಿಗೆ ಬಿಟ್ಟುಕೊಡಿ ಅಂತ ಕೇಳ್ತಿದ್ದೇವೆ. ಕನ್ನಡ ಸಂಘಕ್ಕೆ ಮಾತ್ರ ಅಲ್ಲ, ಫೋಟೋಗ್ರಫಿ ಕ್ಲಬ್‌ಗೆ, ಫೆಸ್ಟ್ ತಂಡಕ್ಕೆ, ಎಲ್ಲರಿಗೂ. ಸಂಘದ ಪೋಸ್ಟರ್ ಮಾಡೋಕೆ ಯಾವ ಹುಡುಗನೂ, ಯಾವ ಹುಡುಗಿಯೂ ಮನೆಯ ದುಡ್ಡಲ್ಲಿ ಹಾರ್ಡ್‌ವೇರ್ ತರೋ ಹಾಗಾಗಬಾರದು. ಈಗ ಆಗ್ತಿರೋದು ಅದೇ. ಮನೇಲಿ ಕೊಡಿಸೋ ಶಕ್ತಿ ಇದ್ದವರು ಮೀಡಿಯಾ ಟೀಮಲ್ಲಿ ಇರ್ತಾರೆ, ಇಲ್ಲದವರು ಕುರ್ಚಿ ಜೋಡಿಸ್ತಾರೆ. ಇದು ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ನಡೀತಿರೋದು ಹೌದು. ಕಳೆದ ಸಲ ಕುರ್ಚಿ ಜೋಡಿಸ್ತಿದ್ದ ಒಬ್ಬ ಜೂನಿಯರ್ ತನ್ನ ಫೋನಲ್ಲಿ ತೆಗೆದ ಫೋಟೋ ತೋರಿಸಿದ. ನನಗಿಂತ ಅವನ ಕಣ್ಣು ಚೆನ್ನಾಗಿದೆ. ಅವನೇ ಈ ಸಲ ಬಂದು ಯಾವ ಟ್ಯಾಬ್ ಒಳ್ಳೇದು ಅಂತ ಕೇಳಿದ್ದು. ಎಷ್ಟು ದುಡ್ಡಿದೆ ಅಂದೆ. ಬೇಸಿಗೆ ರಜೆಯಲ್ಲಿ ಕೆಲಸ ಮಾಡಿ ಕೂಡಿಡ್ತೀನಿ ಅಂದ.

ಅವನಿಗೆ ಮಾಡೆಲ್ ಹೆಸರು ಹೇಳಲಿಲ್ಲ. ಪೇಪರ್ ಕೊಟ್ಟು, ಅಗಲ ಗುಣಿಸು ಎತ್ತರ ಗುಣಿಸು ನಾಲ್ಕು ಗುಣಿಸು ಲೇಯರ್ ಅಂತ ಬರೆಸಿದೆ. ಲ್ಯಾಬ್ ಅರ್ಜಿಗೆ ಪ್ರಿನ್ಸಿಪಾಲರ ಸಹಿ ಬರೋವರೆಗೂ ದುಡ್ಡು ಮುಟ್ಟಬೇಡ ಅಂದಿದ್ದೀನಿ. ಅರ್ಜಿ ಸಂಘದ ರೂಮಲ್ಲಿ ಮೇಜಿನ ಮೇಲಿದೆ. ಈ ವಾರ ಬಂದು ನೀವೂ ಒಂದು ಸಹಿ ಹಾಕಿ ಹೋಗಿ.

ನನ್ನ ಟ್ಯಾಬ್ ಇನ್ನೂ ಇದೆ. ನೋಟ್ಸ್ ಬರೆಯೋಕೆ ಚೆನ್ನಾಗಿದೆ. ಅಮ್ಮ ಫೋನ್ ಮಾಡಿದಾಗೆಲ್ಲ "ಟ್ಯಾಬ್ ಉಪಯೋಗ ಆಗ್ತಿದ್ಯಾ?" ಅಂತ ಕೇಳ್ತಾರೆ. ಆಗ್ತಿದೆ ಅಮ್ಮಾ ಅಂತೀನಿ. ಅರ್ಧ ಸತ್ಯ, ಆ ಎಂಟು ಜಿಬಿ ಥರವೇ.